ತಮ್ಮನ ವುಜೂ ಮುಗಿಯುತ್ತಿಲ್ಲ: ಇದು ವಸ್‌ವಸಾವೋ (ಮನಸ್ಸನ್ನು ಕಾಡುವ ಅನುಮಾನವೋ), ಕಾಯಿಲೆಯೋ?

ಪ್ರಶ್ನೆ (ಸದಸ್ಯೆ, ವಿಜಯಪುರ): ಡಾಕ್ಟರ್ ಅವರಿಗೆ ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ. ಒಂದೂವರೆ ವರ್ಷದಿಂದ ಪ್ರತಿ ನಮಾಜಿಗೂ ವುಜೂ (ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆದು ಶುದ್ಧಿಯಾಗುವುದು) ಮಾಡಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿದೆ. ಮೊಣಕೈ ಹತ್ತಿರ ಕೂದಲೆಳೆಯಷ್ಟು ಜಾಗ ಒಣಗಿ ಉಳಿಯಿತೇನೋ ಎಂಬ ಅನುಮಾನ ಬಂದರೆ ಮತ್ತೆ ಮೊದಲಿನಿಂದ ಶುರು. ನಮ್ಮ ಓಣಿಗೆ ನಳದ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ತುಂಬಿಟ್ಟ ಎರಡು ಬ್ಯಾರಲ್‌ಗಳಲ್ಲಿ ಒಂದನ್ನು ಅವನೊಬ್ಬನೇ ಖಾಲಿ ಮಾಡುತ್ತಾನೆ. ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು "ಆತು, ಪಾಕ್ ಆತು" ಎಂದು ಹೇಳುತ್ತಲೇ ಇರಬೇಕು. ಇತ್ತೀಚೆಗೆ, ನಮಾಜಿನ ನಡುವೆ ಅಲ್ಲಾಹನ ಬಗ್ಗೆ ಬಾಯಿಂದ ಆಡಬಾರದಂಥ ಮಾತುಗಳು ಮನಸ್ಸಿಗೆ ಬರುತ್ತವೆ, ತನ್ನ ಈಮಾನೇ (ಧರ್ಮವಿಶ್ವಾಸವೇ) ಹೋಯಿತು ಎಂದು ಅತ್ತುಬಿಟ್ಟ. ದಮ್ ಮಾಡಿಸಿದೆವು (ಪ್ರಾರ್ಥನೆ ಓದಿ ಊದಿಸಿದೆವು), ತಾಯತ ಕಟ್ಟಿಸಿದೆವು. ಒಬ್ಬರು ಜಿನ್ನಿನ ಕಾಟವೆಂದು ಹೇಳಿ ಸಾಕಷ್ಟು ಹಣ ತೆಗೆದುಕೊಂಡರು. ಮಾನಸಿಕ ಡಾಕ್ಟರರ ಬಳಿ ಹೋದರೆ ಅವರು ಹುಡುಗನಿಗೆ ನಮಾಜನ್ನೇ ಬಿಡಿಸುತ್ತಾರೆ ಎಂಬುದು ಅಪ್ಪನ ಭಯ.

ಉತ್ತರ (ಮನೋವೈದ್ಯೆ): ನೀವು ವಿವರಿಸಿದ ಸ್ಥಿತಿ ಓಸಿಡಿ, ಅಂದರೆ ಗೀಳು ಮನೋರೋಗದ ಲಕ್ಷಣಗಳಿಗೆ ತುಂಬ ಹತ್ತಿರವಿದೆ, ಖಚಿತವಾಗಿ ಹೇಳಲು ಅವನನ್ನು ನೋಡಬೇಕು. ಕಾಯಿಲೆಯ ಮೂಲ ಒಂದೇ ಆದರೂ ಅದು ಮನುಷ್ಯನಿಗೆ ಅತ್ಯಂತ ಪ್ರಿಯವಾದದ್ದನ್ನೇ ಹಿಡಿದುಕೊಳ್ಳುತ್ತದೆ. ಮಡಿ ಮುಗಿಯದೆ ಮೂರು ತಾಸು ಬಚ್ಚಲಲ್ಲೇ ಕಳೆಯುವ ಅಜ್ಜಿಯಂದಿರನ್ನೂ, ಕೂಸಿಗೆ ತಾನೇ ಏನಾದರೂ ಮಾಡಿಬಿಟ್ಟೇನೋ ಎಂದು ನಡುಗುವ ಬಾಣಂತಿಯರನ್ನೂ ನಾನು ನೋಡಿದ್ದೇನೆ. ನಿಮ್ಮ ತಮ್ಮನಿಗೆ ನಮಾಜು ಪ್ರಿಯ, ಆದ್ದರಿಂದ ಕಾಯಿಲೆ ಅಲ್ಲಿಯೇ ಕುಳಿತಿದೆ.

ಶರೀಅತ್ತಿನ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ರೋಗಿಗಳ ಸಲುವಾಗಿ ಊರಿನ ಮುಫ್ತಿ ಸಾಹೇಬರೊಬ್ಬರನ್ನು ಕೇಳಿ ತಿಳಿದುಕೊಂಡದ್ದನ್ನು ಮಾತ್ರ ಹೇಳುತ್ತೇನೆ. ಖಾತ್ರಿಯಾದದ್ದು ಅನುಮಾನದಿಂದ ರದ್ದಾಗದು ಎಂಬುದು ಫಿಕ್ಹ್‌ನ (ಇಸ್ಲಾಮೀ ಧರ್ಮಶಾಸ್ತ್ರದ) ಮೂಲ ನಿಯಮಗಳಲ್ಲಿ ಒಂದು. ಸುನ್ನಿ ಪಂಥಗಳಲ್ಲಿ ಒಂದಾದ ಹನಫೀ ಮತದಲ್ಲಿ ವುಜೂವಿನ ಫರ್ಜ್‌ಗಳು, ಅಂದರೆ ಕಡ್ಡಾಯ ಕ್ರಿಯೆಗಳು, ನಾಲ್ಕೇ: ಮುಖ ತೊಳೆಯುವುದು, ಮೊಣಕೈವರೆಗೆ ಕೈ ತೊಳೆಯುವುದು, ತಲೆಯ ಕಾಲುಭಾಗವನ್ನು ಒದ್ದೆಗೈಯಿಂದ ಸವರುವುದು, ಹರಡಿನವರೆಗೆ ಕಾಲು ತೊಳೆಯುವುದು, ಅವೂ ಒಂದೊಂದು ಸಲ. ಮೂರು ಸಲ ತೊಳೆಯುವುದು ಸುನ್ನತ್ತು (ಪ್ರವಾದಿಯವರ ರೂಢಿ), ಅದನ್ನು ಮೀರಿದವನು ತಪ್ಪು ಮಾಡಿದ ಎಂದು ಹದೀಸಿನಲ್ಲಿದೆ (ಪ್ರವಾದಿಯವರ ನುಡಿ-ನಡೆಗಳ ವರದಿಯಲ್ಲಿದೆ). ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಜೂ ಮುಗಿಸುತ್ತಿದ್ದರು, ಮತ್ತು ಆ ಅಳತೆ ಯಾರ ಲೆಕ್ಕದಲ್ಲೂ ಒಂದು ಲೀಟರಿನ ಆಸುಪಾಸನ್ನು ದಾಟುವುದಿಲ್ಲ. ನಿಮ್ಮ ಬ್ಯಾರಲ್ ಕನಿಷ್ಠ ಇನ್ನೂರು ಲೀಟರಿನದಿರಬೇಕು.

ಇನ್ನು, ಬೇಡದ ಮಾತುಗಳು ಮನಸ್ಸಿಗೆ ಬರುವ ವಿಷಯ. ಸಹಾಬಿಗಳಲ್ಲೇ (ಪ್ರವಾದಿಯವರ ಸಂಗಾತಿಗಳಲ್ಲೇ) ಕೆಲವರು ಪ್ರವಾದಿಯವರ ಬಳಿ ಬಂದು, ನಾಲಿಗೆಗೆ ತರಲಾಗದಂಥ ಆಲೋಚನೆಗಳು ನಮ್ಮೊಳಗೆ ಬರುತ್ತವೆ ಎಂದು ಹೇಳಿಕೊಂಡಾಗ, ಅದೇ ಸ್ಪಷ್ಟ ಈಮಾನು ಎಂಬ ಉತ್ತರ ಸಿಕ್ಕಿತೆಂದು ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿದೆ. ಆ ಮಾತು ಅವರಿಗೆ ಅಸಹ್ಯವೆನಿಸಿದ್ದೇ ವಿಶ್ವಾಸದ ಗುರುತು ಎಂದು ವಿದ್ವಾಂಸರು ಇದನ್ನು ಬಿಡಿಸಿ ಹೇಳುತ್ತಾರೆ. ಇದನ್ನು ಅಪ್ಪನಿಗೂ ಓದಿ ಹೇಳಿ.

ಈ ಕಾಯಿಲೆಯನ್ನು ಪಾಶ್ಚಾತ್ಯರು ಮೊನ್ನೆ ಮೊನ್ನೆ ಕಂಡುಹಿಡಿದರು ಎಂದು ಅಪ್ಪ ತಿಳಿದಿದ್ದರೆ, ಈಗಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿಯವರ ಹೆಸರನ್ನು ಹೇಳಬಹುದು. ಕ್ರಿ.ಶ. 934ರಲ್ಲಿ ತೀರಿಕೊಂಡ ಅವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿ, ಕೋಪ, ಭಯ, ದುಃಖಗಳ ಜೊತೆಗೆ ವಸ್‌ವಸಾಕ್ಕೂ ಪ್ರತ್ಯೇಕ ಅಧ್ಯಾಯ ಬರೆದಿದ್ದಾರೆ; ಒಂಟಿಯಾಗಿ ಕೂರಬಾರದು, ಕೆಲಸದಲ್ಲಿ ತೊಡಗಿರಬೇಕು ಎಂಬುದು ಅವರ ಸಲಹೆಗಳಲ್ಲಿ ಸೇರಿದೆ. ಹದಿನಾರನೆಯ ಶತಮಾನದ ಧರ್ಮವಿದ್ವಾಂಸ ಇಬ್ನ್ ಹಜರ್ ಅಲ್-ಹೈತಮಿಯವರಂತೂ ಇದಕ್ಕಿರುವ ಮದ್ದು ಪೂರ್ತಿಯಾಗಿ ಅಲಕ್ಷಿಸುವುದು ಎಂದಿದ್ದಾರೆ. ನಾವು ಇಂದು ಮಾಡುವ ಚಿಕಿತ್ಸೆಯೂ ಹೆಚ್ಚುಕಡಿಮೆ ಅದೇ ದಾರಿಯದು: ಅನುಮಾನವನ್ನು ಬರಗೊಡುವುದು, ಅದು ಬೇಡಿದ ಕ್ರಿಯೆಯನ್ನು ಮಾತ್ರ ಮಾಡದಿರುವುದು. ನಿಮ್ಮ ತಮ್ಮನ ಕೈಗೆ ಒಂದು ಲೀಟರಿನ ಲೋಟಾ ಕೊಡುತ್ತೇವೆ. ನೀರು ಮುಗಿದರೆ ವುಜೂ ಮುಗಿಯಿತು, ಎದೆ ಡವಡವ ಎನ್ನುತ್ತಿದ್ದರೂ ನಮಾಜಿಗೆ ನಿಲ್ಲಬೇಕು. ಮೊದಲ ವಾರ ಕಷ್ಟವಾಗುತ್ತದೆ. ನಮಾಜು ಬಿಡಿಸುವ ಪ್ರಶ್ನೆಯೇ ಇಲ್ಲ, ನಿಜವಾದ ನಾಪಾಕಿಯಲ್ಲಿ (ಅಶುದ್ಧ ಸ್ಥಿತಿಯಲ್ಲಿ) ನಿಲ್ಲಿಸುವುದೂ ಇಲ್ಲ.

ಕಾಯಿಲೆ ಇಷ್ಟು ಬಲವಾಗಿರುವಾಗ ಮಾತ್ರೆಯೂ ಬೇಕಾಗಬಹುದು. ಸರ್ಟ್ರಾಲಿನ್ ಅಥವಾ ಫ್ಲೂಕ್ಸೆಟಿನ್‌ನಂಥ ಔಷಧಗಳು ಓಸಿಡಿಯಲ್ಲಿ ಪರಿಣಾಮ ತೋರಲು 8ರಿಂದ 12 ವಾರ ಹಿಡಿಯುತ್ತವೆ. ಹದಿನೈದು ದಿನ ನುಂಗಿ "ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುವವರೇ ಹೆಚ್ಚು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ಮಸೀದಿಯೊಂದರಲ್ಲಿ ಇಮಾಮತ್ ಮಾಡುತ್ತೇನೆ. ಇಂಥ ಒಬ್ಬ ಹುಡುಗ ದಿನಕ್ಕೆ ಹತ್ತು ಸಲ ಫೋನ್ ಮಾಡಿ, ನನ್ನ ನಮಾಜು ಆಯಿತೇ ಎಂದು ಕೇಳುತ್ತಾನೆ. ದೀನಿನ ಪ್ರಶ್ನೆ ಕೇಳಿದವನಿಗೆ ಉತ್ತರ ಕೊಡದಿರುವುದು ಸರಿಯೇ?

ಉತ್ತರ: ಹಜರತ್, ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಚಿಕಿತ್ಸೆ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಆ ಹುಡುಗ ಮಸಲಾ (ಧರ್ಮದ ನಿಯಮ) ಕೇಳುತ್ತಿಲ್ಲ. ಉತ್ತರ ಅವನಿಗೆ ಮೊದಲೇ ಗೊತ್ತಿದೆ. ನೀವು "ಆಯಿತು" ಎಂದ ಕೂಡಲೇ ಅವನ ತಳಮಳ ಹತ್ತು ನಿಮಿಷ ತಣ್ಣಗಾಗುತ್ತದೆ, ಆ ಹತ್ತು ನಿಮಿಷದ ರುಚಿಗೆ ಕಾಯಿಲೆ ಮತ್ತೆ ಫೋನ್ ಮಾಡಿಸುತ್ತದೆ. ನಿಮ್ಮ ಉತ್ತರವೂ ಕೈ ತೊಳೆಯುವ ನೀರಿನಂತೆಯೇ ಖರ್ಚಾಗುತ್ತಿದೆ. ಅವನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಒಂದು ಸಲ ತೀರ್ಪು ಹೇಳಿ, ಬೇಕಿದ್ದರೆ ಚೀಟಿಯಲ್ಲಿ ಬರೆದುಕೊಡಿ, ಆಮೇಲೆ ಎಷ್ಟು ಸಲ ಕೇಳಿದರೂ "ಹೇಳಿಯಾಗಿದೆ ಮಗನೇ" ಎಂಬ ಮಾತನ್ನು ಪ್ರೀತಿಯಿಂದಲೇ ಹೇಳಿ, ಬೇರೆ ವಿಷಯ ಮಾತಾಡಿ. ಒಂದು ಕಿವಿಮಾತನ್ನೂ ಸೇರಿಸುತ್ತೇನೆ: "ನಿನ್ನ ಈಮಾನು ಕಡಿಮೆಯಾಗಿದೆ, ಇನ್ನೂ ಹೆಚ್ಚು ಓದು" ಎನ್ನಬೇಡಿ.

ಪ್ರಶ್ನೆ (ಮೊದಲ ಸದಸ್ಯೆ): ಹಾಗಾದರೆ ಅವನು ದುಆ (ಪ್ರಾರ್ಥನೆ), ಝಿಕ್ರ್ (ದೇವಸ್ಮರಣೆ) ಮಾಡಬಾರದೇ? ರಮಜಾನಿನಲ್ಲಿ ಮಾತ್ರೆ ಹೇಗೆ?

ಉತ್ತರ: ಧಾರಾಳವಾಗಿ ಮಾಡಲಿ. ಕುರ್‌ಆನಿನ ಸೂರಃ ಅನ್ನಾಸ್‌ನಲ್ಲಿ ಎದೆಯೊಳಗೆ ಪಿಸುಗುಡುವವನಿಂದ ಆಶ್ರಯ ಬೇಡುವ ಮಾತೇ ಇದೆ, ಅದನ್ನು ಎಲ್ಲರಂತೆ ಒಂದು ಸಲ ಓದಿ ಮುಂದೆ ಹೋಗಲಿ. ಆದರೆ ಕೆಟ್ಟ ಆಲೋಚನೆ ಬಂದಾಗಲೆಲ್ಲ ಸರಿಯಾಗಿ ಮೂವತ್ತಮೂರು ಸಲ ಹೇಳಬೇಕು, ನಡುವೆ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು ಎಂದು ಅವನಿಗೆ ಅನಿಸತೊಡಗಿದರೆ, ಆ ಝಿಕ್ರ್ ಬಚ್ಚಲಿನಿಂದ ಎದ್ದು ಬಂದ ಅದೇ ಕಾಯಿಲೆ. ಗುರುತಿಸುವುದು ಕಷ್ಟವೇನಲ್ಲ: ಓದಿದ ಮೇಲೆ ಅವನು ನಿಮ್ಮ ಜೊತೆ ಊಟಕ್ಕೆ ಬರುತ್ತಾನೋ, ಮೂಲೆಯಲ್ಲೇ ಉಳಿಯುತ್ತಾನೋ ನೋಡಿ.

ಮಾತ್ರೆ ದಿನಕ್ಕೊಂದೇ ಇದ್ದರೆ ಸಹರಿಗೋ (ನಸುಕಿನ ಊಟಕ್ಕೋ) ಇಫ್ತಾರಿಗೋ ಹೊಂದಿಸಬಹುದು. ನಮ್ಮನ್ನು ಕೇಳದೆ ನಿಲ್ಲಿಸಬೇಡಿ. ದೂರದ ಊರಿನವರಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಅವನ ಬಾಯಿಂದ ಒಮ್ಮೆ ಬಂದರೂ ಅಂದೇ ಕರೆತನ್ನಿ. ಮೊದಲ ಭೇಟಿಗೆ ಅಪ್ಪ ಬರದಿದ್ದರೂ ನಡೆಯುತ್ತದೆ, ಅಮ್ಮನನ್ನು ಮಾತ್ರ ಬಿಟ್ಟು ಬರಬೇಡಿ. ಬಚ್ಚಲ ಬಾಗಿಲಿನಿಂದ ಅವರು ಯಾವ ದಿನ, ಹೇಗೆ ಸರಿದು ಬರಬೇಕೆಂಬುದನ್ನು ಅವರೊಡನೆ ಕುಳಿತೇ ತೀರ್ಮಾನಿಸಬೇಕಿದೆ.