ಸಹಾಯ ಬೇಕು: ಮಗನ ‘ಅಪ್ಶೆರಿನ್’ ಕರೆಯೋಲೆಗೆ ಕನ್ನಡದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಯಹೂದಿ ಧರ್ಮ ಸ್ವೀಕರಿಸಿ, ಮದುವೆಯಾಗಿ ಜೆರುಸಲೇಮಿನಲ್ಲಿದ್ದೇನೆ. ಮಗನಿಗೆ ಮೂರು ವರ್ಷ ತುಂಬುತ್ತಿದೆ. ಇದುವರೆಗೆ ಅವನ ಕೂದಲಿಗೆ ಕತ್ತರಿ ತಾಗಿಲ್ಲ, ಗುಂಗುರು ಭುಜಕ್ಕಿಳಿದಿದೆ. ಹುಟ್ಟಿದ ದಿನ ಪೆಸಾಹ್ ಹಬ್ಬದ ಎರಡನೆಯ ದಿನದಿಂದ ಶುರುವಾಗುವ ಓಮೆರ್ ಎಣಿಕೆಯ 49 ದಿನಗಳಲ್ಲಿ ಬೀಳುತ್ತದೆ. ಆಗ ಕೂದಲು ಕತ್ತರಿಸುವಂತಿಲ್ಲ. ಹಾಗಾಗಿ ಈ ನಿರ್ಬಂಧವಿಲ್ಲದ 33ನೆಯ ದಿನವಾದ ಲಾಗ್ ಬಓಮೆರ್‌ಗೆ ‘ಅಪ್ಶೆರಿನ್’, ಅಂದರೆ ಗಂಡುಮಗುವಿನ ಕೂದಲನ್ನು ಮೊದಲ ಬಾರಿ ಕತ್ತರಿಸುವ ಶಾಸ್ತ್ರ, ಇಟ್ಟುಕೊಂಡಿದ್ದೇವೆ.

ಹೀಬ್ರೂ ಕರೆಯೋಲೆಯನ್ನು ಅತ್ತೆಯವರೇ ಬರೆದು ಮುಗಿಸಿದರು. ಕನ್ನಡದ್ದು ನನ್ನ ಪಾಲು. ಮೊದಲು ‘ಜವಳ’ ಎಂದು ಬರೆದೆ. ಮೊಬೈಲ್‌ನಲ್ಲಿ ಓದಿದ ಅಮ್ಮ, “ಯಾವ ದೇವರಿಗೆ ಮುಡಿ ಕೊಡುತ್ತೀರಿ?” ಎಂದು ಕೇಳಿದರು. ಇಲ್ಲಿ ತಲೆ ಬೋಳಿಸುವುದಿಲ್ಲ, ಇದು ಹರಕೆಯೂ ಅಲ್ಲ. ಬಂದವರು ಒಬ್ಬೊಬ್ಬರಾಗಿ ಒಂದೊಂದು ಎಳೆ ಕತ್ತರಿಸುತ್ತಾರೆ, ಕಿವಿಯ ಬಳಿಯ ಕೂದಲನ್ನು ಹಾಗೆಯೇ ಉಳಿಸುತ್ತಾರೆ. ಮಗು ಹೀಬ್ರೂ ಅಕ್ಷರಗಳ ಮೇಲೆ ಸವರಿದ ಜೇನನ್ನು ನೆಕ್ಕುತ್ತದೆ. (ಅಕ್ಕಿಯ ಮೇಲೆ ಬೆರಳಾಡಿಸಿದ ನನ್ನ ಅಕ್ಷರಾಭ್ಯಾಸ ನೆನಪಾಗಿ ಕಣ್ಣು ತುಂಬುತ್ತದೆ.) ‘ಕೇಶ ಕರ್ತನ’ ಎಂದರೆ ಸಂಭ್ರಮವೇ ಇಲ್ಲ. ಬರೀ ‘ಅಪ್ಶೆರಿನ್’ ಎಂದರೆ ಅಜ್ಜಿಗೆ ಏನೂ ತಿಳಿಯದು.

ಇನ್ನೊಂದು ತೊಡಕಿದೆ. ಇಲ್ಲಿ ತಿಥಿ ಶುರುವಾಗುವುದು ಸೂರ್ಯಾಸ್ತಕ್ಕೆ. ಸಮಾರಂಭ ಸೋಮವಾರ ಸಂಜೆ, ಹೀಬ್ರೂ ಕರೆಯೋಲೆಯಲ್ಲಿರುವುದು ಮಂಗಳವಾರದ ತಿಥಿ.

ಶೀರ್ಷಿಕೆಗೆ ‘ಜವಳ’ವನ್ನೇ ಇಟ್ಟು ಕೆಳಗೆ ವಿವರಿಸಲೇ, ಇಲ್ಲವೇ ‘ಅಪ್ಶೆರಿನ್’ ಇಟ್ಟು ಒಂದು ಸಾಲಿನ ಅರ್ಥ ಕೊಡಲೇ? ಆ ಸಾಲು ಹೇಗಿರಬೇಕು? ಊರಿನ ಹಿರಿಯರಿಗೆ ಗೊಂದಲವಾಗದಂತೆ ದಿನವನ್ನು ಹೇಗೆ ಬರೆಯಲಿ?