ಅಮೆರಿಕದ ರೆಸ್ಟೋರೆಂಟಿನಲ್ಲಿ ಟಿಪ್ ಎಷ್ಟು ಕೊಡಬೇಕು? ಒಬ್ಬೊಬ್ಬರು ಒಂದೊಂದು ಹೇಳುವುದೇಕೆ?

ಪ್ರಶ್ನೆ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆಲ್ಲ ಉಪಯೋಗವಾಗಲಿ ಎಂದು ಕೇಳುತ್ತಿದ್ದೇನೆ. ಕೂತು ಊಟ ಮಾಡುವ ರೆಸ್ಟೋರೆಂಟಿನಲ್ಲಿ ಟಿಪ್ ಎಷ್ಟು ಕೊಟ್ಟರೆ ಸರಿ? ಒಬ್ಬರು ಶೇ. 15 ಸಾಕು ಅಂತಾರೆ. ಇನ್ನೊಬ್ಬರು 20ಕ್ಕಿಂತ ಕಡಿಮೆ ಕೊಟ್ಟರೆ ಅವಮಾನ ಮಾಡಿದ ಹಾಗೆ ಅಂತಾರೆ. ಕ್ಯಾಲಿಫೋರ್ನಿಯಾದಲ್ಲಿ ಸರ್ವರ್‌ಗಳಿಗೆ ಪೂರ್ತಿ ಸಂಬಳ ಇದೆ, ಅಲ್ಲಿ ಕೊಡಲೇಬೇಕಿಲ್ಲ ಅನ್ನುವವರೂ ಸಿಗುತ್ತಾರೆ. ಬಿಲ್ಲಿನ ಕೆಳಗೆ 18, 20, 25 ಎಂದು ಅಚ್ಚಾಗಿ ಬರುವ ಮೊತ್ತವನ್ನೇ ನಂಬಬಹುದಾ? ಬಲ್ಲವರು ದಯವಿಟ್ಟು ಲೆಕ್ಕದ ಸಮೇತ ಹೇಳಿ.

ಉತ್ತರ: ರೆಸ್ಟೋರೆಂಟ್ ಮ್ಯಾನೇಜರ್

ಅಂಕಿಯನ್ನೇ ಮೊದಲು ಹೇಳಿಬಿಡುತ್ತೇನೆ. ಟೇಬಲ್ಲಿಗೆ ಬಂದು ಆರ್ಡರ್ ತೆಗೆದುಕೊಂಡು, ಊಟ ತಂದಿಟ್ಟು, ನಡುವೆ ಬಂದು ವಿಚಾರಿಸಿ, ಕೊನೆಗೆ ಬಿಲ್ ತರುವ ಕಡೆ ಶೇ. 18ರಿಂದ 20. ಶೇ. 15 ಕೊಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ದೊಡ್ಡ ಊರುಗಳಲ್ಲಿ ಅದನ್ನು ‘ಸರ್ವಿಸ್ ಅಷ್ಟಕ್ಕಷ್ಟೇ ಇತ್ತು’ ಎಂದು ಓದಿಕೊಳ್ಳುತ್ತಾರೆ. ಬಫೆಯಲ್ಲಿ ನೀವೇ ಬಡಿಸಿಕೊಂಡು, ಅವರು ನೀರು ತುಂಬಿಸಿ ತಟ್ಟೆ ಎತ್ತುವುದಷ್ಟೇ ಆದರೆ ಶೇ. 10. ಕೌಂಟರಿನಲ್ಲಿ ಪಾರ್ಸೆಲ್ ತೆಗೆದುಕೊಂಡು ಹೊರಟರೆ ಕೊಡಲೇಬೇಕು ಅಂತಿಲ್ಲ. ಅಲ್ಲಿ ಟ್ಯಾಬ್ಲೆಟ್ ತಿರುಗಿಸಿ ತೋರಿಸುವ ಪರದೆಗೆ ‘ನೋ ಟಿಪ್’ ಒತ್ತುವುದಕ್ಕೆ ಸಂಕೋಚವೇ ಬೇಡ.

ಲೆಕ್ಕವನ್ನು ಸೇಲ್ಸ್ ಟ್ಯಾಕ್ಸ್ ಸೇರುವ ಮೊದಲಿನ ಮೊತ್ತದ ಮೇಲೆ, ಅಂದರೆ ಬಿಲ್ಲಿನಲ್ಲಿ ಸಬ್‌ಟೋಟಲ್ ಎಂದಿರುವ ಸಾಲಿನ ಮೇಲೆ ಹಾಕಿ. ನ್ಯೂಯಾರ್ಕ್ ನಗರದ ಟ್ಯಾಕ್ಸ್ ಶೇ. 8.875. ಸಬ್‌ಟೋಟಲ್ 80 ಡಾಲರ್ ಇದ್ದರೆ ಟ್ಯಾಕ್ಸ್ 7.10, ಒಟ್ಟು 87.10. ಶೇ. 20ರ ಟಿಪ್ 80ರ ಮೇಲೆ 16 ಡಾಲರ್, 87.10ರ ಮೇಲೆ ಹಾಕಿದರೆ 17.42. ಬಿಲ್ಲಿನ ಕೆಳಗೆ ಅಚ್ಚಾದ ಮೊತ್ತ ಎಷ್ಟೋ ಕಡೆ ಎರಡನೆಯ ರೀತಿಯದ್ದು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಒಂದು ಸೆಟ್ಟಿಂಗ್ ಹೇಗಿದೆಯೋ ಹಾಗೆ ಅದು ಬರುತ್ತದೆ, ಅಷ್ಟೆ. ಅಚ್ಚಾದ ಶೇಕಡಾವನ್ನು ನೋಡಿ, ಡಾಲರನ್ನು ನೀವೇ ಹಾಕಿ: ಸಬ್‌ಟೋಟಲಿನ ಹತ್ತನೇ ಒಂದು ಪಾಲು ತೆಗೆದು ಅದನ್ನು ಎರಡು ಪಟ್ಟು ಮಾಡಿದರೆ ಶೇ. 20.

ನ್ಯೂಯಾರ್ಕಿನವರು ಟ್ಯಾಕ್ಸನ್ನೇ ಡಬಲ್ ಮಾಡಿ ಕೊಟ್ಟುಬಿಡುತ್ತಾರೆ, ಅದು ಶೇ. 17.75 ಆಗುತ್ತದೆ. ಈ ಉಪಾಯವನ್ನು ಬೇರೆ ರಾಜ್ಯಕ್ಕೆ ಹೊತ್ತುಕೊಂಡು ಹೋಗಬೇಡಿ. ಆರೆಗನ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ.

ಜನ ತಪ್ಪುವ ಇನ್ನೆರಡು ಜಾಗಗಳಿವೆ. ಕೂಪನ್ ಕೊಟ್ಟು 60 ಡಾಲರಿನ ಬಿಲ್ 40ಕ್ಕೆ ಇಳಿದರೆ ಟಿಪ್ 60ರ ಮೇಲೆಯೇ, ಏಕೆಂದರೆ ರಿಯಾಯಿತಿ ಕೊಟ್ಟಿದ್ದು ಮಾಲೀಕ, ಕೆಲಸ ಮಾಡಿದ್ದು ಸರ್ವರ್. ಇನ್ನು ಬಿಲ್ಲನ್ನು ನಾಲ್ಕು ಕಾರ್ಡಿಗೆ ಹಂಚಿದಾಗ ಕೆಲವು ಯಂತ್ರಗಳು ಒಬ್ಬೊಬ್ಬರ ಚೀಟಿಯಲ್ಲೂ ಪೂರ್ತಿ ಬಿಲ್ಲಿನ ಶೇ. 20 ಅಚ್ಚು ಹಾಕುತ್ತವೆ. ನಿಮ್ಮ ಪಾಲು 25 ಡಾಲರ್ ಇದ್ದು ಕೆಳಗೆ 20 ಡಾಲರ್ ಟಿಪ್ ಎಂದು ತೋರಿಸಿದರೆ ಆಗಿರುವುದು ಇದೇ.

ಮರುಪ್ರಶ್ನೆ

ಸರಿ. ಆದರೆ ಸಂಬಳ ಮಾಲೀಕ ಕೊಡಬೇಕಲ್ಲವಾ? ಗಿರಾಕಿ ಯಾಕೆ ಕೊಡಬೇಕು? ಜನರ ಅಭಿಪ್ರಾಯ ಒಡೆಯುವುದು ಇಲ್ಲೇ ಅನ್ನಿಸುತ್ತೆ.

ಉತ್ತರ: ವೇತನ ಮತ್ತು ತೆರಿಗೆ ನೋಡಿಕೊಳ್ಳುವ ಅಕೌಂಟೆಂಟ್

ಹೌದು, ಇಲ್ಲೇ. ಒಂದೇ ದೇಶವಾದರೂ ಸರ್ವರ್‌ನ ಮೂಲ ಸಂಬಳ ರಾಜ್ಯಕ್ಕೊಂದು ಥರ ಇದೆ. ಹೀಗಾಗಿ ಟೆಕ್ಸಾಸಿನವರೂ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನವರೂ ಟಿಪ್ ಬಗ್ಗೆ ವಾದಿಸುವಾಗ ಇಬ್ಬರೂ ತಮ್ಮ ಊರಿನ ಮಟ್ಟಿಗೆ ಸರಿಯಾಗಿಯೇ ಮಾತಾಡುತ್ತಿರುತ್ತಾರೆ.

ಫೆಡರಲ್, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್. ಆದರೆ ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ ವಾಡಿಕೆಯಾಗಿ ಸಿಗುವ ನೌಕರನಿಗೆ ಮಾಲೀಕ ಕೈಯಿಂದ 2.13 ಡಾಲರ್ ಕೊಟ್ಟರೆ ಕಾನೂನಿಗೆ ಸಾಕು. ಉಳಿದ 5.12 ಟಿಪ್ಪಿನಿಂದ ಬಂತು ಎಂದು ಲೆಕ್ಕ ಹಿಡಿಯುತ್ತಾರೆ. ಇದಕ್ಕೆ ಟಿಪ್ ಕ್ರೆಡಿಟ್ ಎನ್ನುತ್ತಾರೆ. ಫೆಡರಲ್ ವೇತನ ಕಾನೂನಿನ 1966ರ ತಿದ್ದುಪಡಿಯಲ್ಲಿ ಶುರುವಾದ ಏರ್ಪಾಡು. ಆ 2.13 ಮಾತ್ರ 1991ರಿಂದ ಒಂದು ಸೆಂಟೂ ಏರಿಲ್ಲ. ಟೆಕ್ಸಾಸ್, ಜಾರ್ಜಿಯಾದಂಥ ರಾಜ್ಯಗಳಲ್ಲಿ ಇದೇ ದರ. ತೆರಿಗೆ ಕಡಿತವೂ ಈ 2.13ರಲ್ಲೇ ಆಗುವುದರಿಂದ ಸಂಬಳದ ಚೆಕ್ ಹೆಚ್ಚುಕಡಿಮೆ ಸೊನ್ನೆಗೆ ಬರುವುದುಂಟು. ಅಂಥ ಕಡೆ ನೀವು ಬಿಟ್ಟುಹೋಗುವ ಟಿಪ್ಪೇ ಅವರ ಸಂಬಳ. ಅದನ್ನು ಬಕ್ಷೀಸು ಎಂದುಕೊಂಡರೆ ಲೆಕ್ಕವೇ ತಪ್ಪುತ್ತದೆ.

ಟಿಪ್ ಸೇರಿಸಿದರೂ 7.25 ಮುಟ್ಟದಿದ್ದರೆ ಕೊರತೆಯನ್ನು ಮಾಲೀಕ ತುಂಬಿಕೊಡಲೇಬೇಕು. ‘ಟಿಪ್ ಕೊಡದಿದ್ದರೂ ಅವರಿಗೆ ನಷ್ಟವಿಲ್ಲ’ ಎನ್ನುವವರು ಹಿಡಿದುಕೊಳ್ಳುವುದು ಈ ನಿಯಮವನ್ನು. ಕಾಗದದ ಮೇಲೆ ನಿಜ. ಆದರೆ ಹಾಗೆ ತುಂಬಿದ ಮೇಲೂ ಸಿಗುವುದು 7.25 ಮಾತ್ರ, ಅದೂ ಇಡೀ ವಾರದ ಲೆಕ್ಕದಲ್ಲಿ. ಶನಿವಾರ ರಾತ್ರಿಯ ಒಳ್ಳೆಯ ಟಿಪ್ ಮಂಗಳವಾರದ ಖಾಲಿ ಮಧ್ಯಾಹ್ನವನ್ನು ಮುಚ್ಚಿಹಾಕುತ್ತದೆ, ಮಾಲೀಕ ತುಂಬುವ ಪ್ರಮೇಯವೇ ಬರುವುದಿಲ್ಲ.

ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗನ್, ನೆವಾಡಾ, ಅಲಾಸ್ಕಾ, ಮೊಂಟಾನಾ, ಮಿನೆಸೋಟ ರಾಜ್ಯಗಳಿವೆ. ಇಲ್ಲಿ ಟಿಪ್ ಕ್ರೆಡಿಟ್ ಇಲ್ಲ. ರಾಜ್ಯದ ಪೂರ್ತಿ ಕನಿಷ್ಠ ವೇತನದ ಮೇಲೆ ಟಿಪ್ ಬೇರೆ. 2025ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ 16.50 ಡಾಲರ್, ವಾಷಿಂಗ್ಟನ್ ರಾಜ್ಯದ್ದು 16.66. ನ್ಯೂಯಾರ್ಕ್ ನಗರ ನಡುವಿನದು: ಅದೇ ವರ್ಷ ಅಲ್ಲಿ ಮಾಲೀಕನ ಕೈಯಿಂದ 11 ಡಾಲರ್, ಟಿಪ್ ಕ್ರೆಡಿಟ್ 5.50. ಚಿಕಾಗೊ ನಗರ 2024ರ ಜುಲೈನಿಂದ ಹಂತಹಂತವಾಗಿ ಟಿಪ್ ಕ್ರೆಡಿಟ್ ತೆಗೆಯಲು ಹೊರಟಿತು. ಅದೇ ವರ್ಷ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಮತದಾರರು ಇಂಥದ್ದೇ ಪ್ರಸ್ತಾವವನ್ನು ತಿರಸ್ಕರಿಸಿದರು.

ಇನ್ನೊಬ್ಬ ಸದಸ್ಯರ ಆಕ್ಷೇಪ

ಶೇಕಡಾ ಏರಿಸುವುದಕ್ಕೆ ಏನು ಸಮರ್ಥನೆ? ಊಟದ ಬೆಲೆ 10ರಿಂದ 20 ಡಾಲರಿಗೆ ಏರಿದರೆ ಶೇ. 15ರ ಟಿಪ್ ತಾನಾಗಿಯೇ 1.50ರಿಂದ 3ಕ್ಕೆ ಏರಿತು. ಅದರ ಮೇಲೆ 15 ಇದ್ದದ್ದು 20 ಆಗಬೇಕೆಂದರೆ ಎರಡೆರಡು ಸಲ ಏರಿಸಿದ ಹಾಗಾಯಿತು. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ಶೇ. 57ರಷ್ಟು ಅಮೆರಿಕನ್ನರು ಸಾಧಾರಣ ಸರ್ವಿಸ್ ಇರುವ ಊಟಕ್ಕೆ ಶೇ. 15 ಅಥವಾ ಅದಕ್ಕಿಂತ ಕಡಿಮೆ ಕೊಡುತ್ತೇವೆ ಎಂದಿದ್ದಾರೆ. 20 ಎಂಬುದು ಎಲ್ಲರೂ ಒಪ್ಪಿದ ನಿಯಮವೇನಲ್ಲ.

ಉತ್ತರ: ಮ್ಯಾನೇಜರ್

ಬೆಲೆ ಏರಿದಾಗ ಟಿಪ್ ಏರುತ್ತದೆ ಎಂಬ ನಿಮ್ಮ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಪೂರ್ತಿ ಕನಿಷ್ಠ ವೇತನ ಇರುವ ರಾಜ್ಯಗಳಲ್ಲಿ 15 ಕೊಡುವವರನ್ನು ಜಿಪುಣರೆಂದು ಕರೆಯುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯವೂ. 2.13ರ ರಾಜ್ಯಗಳಲ್ಲಿ ಹಾಗಲ್ಲ: ಮಾಲೀಕನ ಪಾಲು ನಿಂತಲ್ಲೇ ನಿಂತಿದೆ, ಬಾಡಿಗೆ ನಿಂತಿಲ್ಲ.

ಆದರೆ ಗಿರಾಕಿಗಳಿಗೆ ಕಾಣದ ಒಂದು ಲೆಕ್ಕವಿದೆ, ಟಿಪ್‌ಔಟ್. ತಟ್ಟೆ ಎತ್ತುವ ಬಸ್ಸರ್, ಅಡುಗೆಮನೆಯಿಂದ ಊಟ ತರುವ ರನ್ನರ್, ಬಾರ್‌ಟೆಂಡರ್, ಕೆಲವು ಕಡೆ ಬಾಗಿಲಲ್ಲಿ ನಿಲ್ಲುವ ಹೋಸ್ಟ್, ಇವರಿಗೆಲ್ಲ ಸರ್ವರ್ ತನ್ನ ಟಿಪ್ಪಿನಿಂದ ಪಾಲು ಕೊಡಬೇಕು. ಬಹಳ ಕಡೆ ಈ ಪಾಲನ್ನು ಟಿಪ್ಪಿನ ಮೇಲಲ್ಲ, ಮಾರಾಟದ ಮೇಲೆ ಕಟ್ಟುತ್ತಾರೆ. ಪಾಲು ಮಾರಾಟದ ಶೇ. 5 ಎಂದು ಇಟ್ಟುಕೊಳ್ಳಿ. ಸಂಜೆ 1,000 ಡಾಲರ್ ಮಾರಾಟಕ್ಕೆ ಎಲ್ಲರೂ ಶೇ. 18 ಕೊಟ್ಟರೆ 180 ಬಂತು, 50 ಹಂಚಿಹೋಯಿತು, ಕೈಯಲ್ಲಿ 130 ಉಳಿಯಿತು. 120 ಡಾಲರಿನ ಒಂದು ಟೇಬಲ್ ಏನೂ ಕೊಡದೆ ಎದ್ದುಹೋದರೂ ಆ ಟೇಬಲ್ಲಿನ ಲೆಕ್ಕದಲ್ಲಿ 6 ಡಾಲರ್ ಹೋಗಲೇಬೇಕು. ಬೇರೆ ಟೇಬಲ್ಲುಗಳ ಟಿಪ್ಪಿನಿಂದ ಅದು ಹೋಗುತ್ತದೆ. ಸೊನ್ನೆ ಕೊಟ್ಟರೆ ಸರ್ವರ್‌ಗೆ ಕೋಪ ಬರುವುದು ಇದಕ್ಕೇ.

ದುಬಾರಿ ವೈನ್ ಬಗ್ಗೆಯೂ ಇದೇ ಗೊಂದಲ. 40 ಡಾಲರಿನ ಬಾಟಲಿ ತೆರೆಯುವುದಕ್ಕೂ 200 ಡಾಲರಿನದು ತೆರೆಯುವುದಕ್ಕೂ ಶ್ರಮ ಒಂದೇ, ಹಾಗಿದ್ದ ಮೇಲೆ ಅದಕ್ಕೂ ಶೇ. 20 ಏಕೆ ಎಂಬ ಪ್ರಶ್ನೆ ಸರಿಯಾದದ್ದೇ. ಊಟಕ್ಕೆ 20, ದೊಡ್ಡ ಬಾಟಲಿಗೆ 10ರಿಂದ 15 ಕೊಡುವವರಿದ್ದಾರೆ. ಅದು ಒಪ್ಪುವಂಥದ್ದು. ಆ ಬಾಟಲಿಯ ಮೇಲೂ ಟಿಪ್‌ಔಟ್ ಕಟ್ಟಬೇಕಿರುತ್ತದೆ ಎಂಬುದು ನೆನಪಿದ್ದರೆ ಸಾಕು.

ಪ್ರಶ್ನೆ

ಸರ್ವಿಸ್ ಕೆಟ್ಟದಾಗಿದ್ದರೆ? ಟಿಪ್ ಇರುವುದೇ ಅದಕ್ಕಲ್ಲವೇ?

ಉತ್ತರ: ಸರ್ವರ್ ಆಗಿ ಕೆಲಸ ಮಾಡುವ ಸದಸ್ಯೆ

ಯಾವುದು ಸರ್ವರ್ ಕೈಯಲ್ಲಿದೆ, ಯಾವುದು ಇಲ್ಲ ಅನ್ನೋದನ್ನ ಮೊದಲು ಬೇರ್ಪಡಿಸಿ. ಊಟ ತಡವಾಯ್ತು, ಉಪ್ಪು ಜಾಸ್ತಿ ಆಯ್ತು, ಟೇಬಲ್ಲಿಗೆ ಕಾಯಬೇಕಾಯ್ತು: ಇವು ಅಡುಗೆಮನೆ ಮತ್ತು ಹೋಸ್ಟ್ ಕಡೆಯವು. ಆರ್ಡರ್ ಮರೆತದ್ದು, ಅಲರ್ಜಿ ಇದೆ ಅಂತ ಹೇಳಿದ್ದನ್ನ ಬರೆದುಕೊಳ್ಳದೇ ಇದ್ದದ್ದು, ಇಪ್ಪತ್ತು ನಿಮಿಷ ಟೇಬಲ್ ಕಡೆ ತಿರುಗಿಯೂ ನೋಡದೇ ಇದ್ದದ್ದು ಸರ್ವರ್‌ದು. ಮೊದಲನೆಯದಕ್ಕೆ ಮ್ಯಾನೇಜರನ್ನ ಕರೆದು ಹೇಳಿ, ಬಿಲ್ಲಿನಿಂದ ಆ ಪದಾರ್ಥ ತೆಗೆಸಿ, ಟಿಪ್ ಕಡಿಮೆ ಮಾಡಬೇಡಿ. ಎರಡನೆಯದಕ್ಕೆ ಶೇ. 10ಕ್ಕೆ ಇಳಿಸಿ, ಹೋಗುವ ಮುಂಚೆ ಒಂದು ಮಾತು ಹೇಳಿ. ಏನೂ ಹೇಳದೆ ಟಿಪ್ ಕಡಿಮೆ ಮಾಡಿದರೆ ತಪ್ಪು ಎಲ್ಲಾಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಬಹಳ ಸಲ ಜಿಪುಣ ಗಿರಾಕಿ ಅಂದುಕೊಂಡು ಸುಮ್ಮನಾಗ್ತಾರೆ.

ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಈ ವಿಷಯವನ್ನ ದಶಕಗಳ ಕಾಲ ಅಧ್ಯಯನ ಮಾಡಿದವರು. ಸರ್ವಿಸ್ ಗುಣಮಟ್ಟಕ್ಕೂ ಟಿಪ್ ಗಾತ್ರಕ್ಕೂ ಇರೋ ಸಂಬಂಧ ಬಹಳ ದುರ್ಬಲ ಅನ್ನೋದು ಅವರ ಸಂಶೋಧನೆಯಲ್ಲಿ ಕಂಡದ್ದು. ಅಂದರೆ ಹೆಚ್ಚಿನವರು ಕೊಡೋದು ಅಭ್ಯಾಸದಿಂದ. ಟಿಪ್ ಇದ್ದರೆ ತಾನಾಗಿಯೇ ಸರ್ವಿಸ್ ಚೆನ್ನಾಗಿರುತ್ತೆ ಅನ್ನೋ ವಾದ ಅಷ್ಟು ಗಟ್ಟಿ ಇಲ್ಲ.

ಪ್ರಶ್ನೆ

ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್ ಶೇ. 18’ ಅಂತ ಸೇರಿಸಿದ್ದರು. ಅದರ ಕೆಳಗೆ ಟಿಪ್ ಸಾಲೂ ಇತ್ತು. ಎರಡೂ ಕೊಡಬೇಕಾ?

ಉತ್ತರ: ಅಕೌಂಟೆಂಟ್

ಆ ಚಾರ್ಜ್ ಸರ್ವರ್‌ಗೆ ಹೋಗುವುದಾದರೆ ಬೇಡ. ದುಡ್ಡು ಹೆಚ್ಚಾಗಿ ಕೈಬಿಡುವ ಜಾಗ ಇದೇ. ಆರು ಅಥವಾ ಎಂಟು ಜನಕ್ಕಿಂತ ಹೆಚ್ಚಿದ್ದರೆ ಶೇ. 18ರಿಂದ 20 ತಾನಾಗಿ ಸೇರಿಸುವ ಪದ್ಧತಿ ಬಹಳ ಕಡೆ ಇದೆ. ಮೆನುವಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಬಿಲ್ ಬಂದಾಗ ಸಬ್‌ಟೋಟಲಿಗೂ ಟ್ಯಾಕ್ಸಿಗೂ ನಡುವಿನ ಸಾಲುಗಳನ್ನು ಓದಿ. ‘ಗ್ರಾಚ್ಯುಟಿ’ ಎಂದಿದ್ದರೆ ಟಿಪ್ ಆಗಲೇ ಸೇರಿದೆ, ಕೆಳಗಿನ ಸಾಲು ಖಾಲಿ ಬಿಡಬಹುದು. ‘ಸರ್ವಿಸ್ ಚಾರ್ಜ್’ ಅಥವಾ ‘ಅಡ್ಮಿನಿಸ್ಟ್ರೇಟಿವ್ ಫೀ’ ಎಂದಿದ್ದರೆ ಒಂದೇ ಪ್ರಶ್ನೆ ಕೇಳಿ: ‘ಇದು ಸರ್ವರ್‌ಗೆ ಹೋಗುತ್ತಾ?’ ಫೆಡರಲ್ ಕಾನೂನಿನ ಪ್ರಕಾರ ಕಡ್ಡಾಯ ಚಾರ್ಜ್ ಮಾಲೀಕನ ಆದಾಯ; ಪೂರ್ತಿ ಹಂಚಬಹುದು, ಹಂಚದೆಯೂ ಇರಬಹುದು. ನ್ಯೂಯಾರ್ಕ್ ರಾಜ್ಯದ ನಿಯಮ ಬಿಗಿ: ಗಿರಾಕಿ ಟಿಪ್ ಎಂದು ಭಾವಿಸುವಂಥ ಚಾರ್ಜನ್ನು ನೌಕರರಿಗೆ ಕೊಡಲೇಬೇಕು, ಕೊಡದಿದ್ದರೆ ಅದು ಟಿಪ್ ಅಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು.

ಆದಾಯ ತೆರಿಗೆ ಇಲಾಖೆಯೂ ಇವೆರಡನ್ನು ಬೇರೆಯಾಗಿ ನೋಡುತ್ತದೆ. ಮೊತ್ತವನ್ನು ಗಿರಾಕಿ ಬಲವಂತವಿಲ್ಲದೆ ತಾನೇ ನಿರ್ಧರಿಸಿದರೆ ಟಿಪ್. ರೆಸ್ಟೋರೆಂಟೇ ಬಿಲ್ಲಿಗೆ ಸೇರಿಸಿದ್ದು ಸರ್ವಿಸ್ ಚಾರ್ಜ್, ಅದು ಸರ್ವರ್ ಕೈಸೇರಿದರೂ ಸಂಬಳದ ಲೆಕ್ಕಕ್ಕೆ ಬರುತ್ತದೆ. 2025ರ ಹೊಸ ಕಾನೂನಿನಲ್ಲಿ 2028ರ ತನಕ ವರ್ಷಕ್ಕೆ 25,000 ಡಾಲರ್ ವರೆಗಿನ ಟಿಪ್ಪನ್ನು ಫೆಡರಲ್ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಕಡ್ಡಾಯ ಚಾರ್ಜಿಗೆ ಈ ಸೌಲಭ್ಯ ಇಲ್ಲ. ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಕಡಿತ ಮಾತ್ರ ಟಿಪ್ಪಿಗೂ ತಪ್ಪಿದ್ದಲ್ಲ.

ಟಿಪ್ಪಿನಲ್ಲಿ ಮಾಲೀಕ, ಮ್ಯಾನೇಜರ್ ಪಾಲು ತೆಗೆದುಕೊಳ್ಳುವಂತಿಲ್ಲ. ಫೆಡರಲ್ ವೇತನ ಕಾನೂನಿನ 2018ರ ತಿದ್ದುಪಡಿ ಇದನ್ನು ಸ್ಪಷ್ಟ ಮಾತಿನಲ್ಲಿ ನಿಷೇಧಿಸಿದೆ. ಟಿಪ್ ಕ್ರೆಡಿಟ್ ಬಳಸದ ರೆಸ್ಟೋರೆಂಟ್ ಅಡುಗೆಯವರಿಗೂ ಪಾತ್ರೆ ತೊಳೆಯುವವರಿಗೂ ಟಿಪ್ ಹಂಚಲು ಅವಕಾಶ ಕೊಟ್ಟದ್ದೂ ಅದೇ ತಿದ್ದುಪಡಿ.

ಪ್ರಶ್ನೆ

ಇಷ್ಟೆಲ್ಲ ಗೋಜಲು ಇದ್ದ ಮೇಲೆ ಟಿಪ್ಪನ್ನೇ ತೆಗೆದು ಬೆಲೆಯಲ್ಲಿ ಸೇರಿಸಿಬಿಡಬಹುದಲ್ಲ?

ಉತ್ತರ: ಮ್ಯಾನೇಜರ್

ಪ್ರಯತ್ನಗಳು ನಡೆದಿವೆ. ವಾಷಿಂಗ್ಟನ್ ರಾಜ್ಯ 1909ರಲ್ಲಿ ಟಿಪ್ಪನ್ನು ಕಾನೂನಿನಿಂದಲೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಅವೆಲ್ಲ ರದ್ದಾದವು. ಈ ಕಾಲದಲ್ಲಿ ನ್ಯೂಯಾರ್ಕಿನ ಡ್ಯಾನಿ ಮೆಯರ್ 2015ರಲ್ಲಿ ತಮ್ಮ ರೆಸ್ಟೋರೆಂಟುಗಳಲ್ಲಿ ಟಿಪ್ ತೆಗೆಯುವುದಾಗಿ ಸಾರಿದರು, 2020ರಲ್ಲಿ ಹಿಂದೆ ಸರಿದರು. ತೊಡಕು ಎರಡು ಕಡೆಯಿಂದ ಬರುತ್ತದೆ. 20 ಡಾಲರಿನ ಪದಾರ್ಥಕ್ಕೆ ಮೆನುವಿನಲ್ಲಿ 24 ಎಂದು ಬರೆದರೆ, ಕೊಡುವುದು ಅಷ್ಟೇ ಆದರೂ, ಪಕ್ಕದ ಹೋಟೆಲಿನ 20 ಅಗ್ಗ ಎಂದು ಕಾಣುತ್ತದೆ. ಇತ್ತ ವಾರಾಂತ್ಯದಲ್ಲಿ ಚೆನ್ನಾಗಿ ದುಡಿಯುತ್ತಿದ್ದ ಸರ್ವರ್ ಸಮಾನ ಸಂಬಳಕ್ಕೆ ನಿಲ್ಲದೆ ಟಿಪ್ ಇರುವ ಕಡೆಗೆ ಹೋಗುತ್ತಾನೆ. ಹೀಗಾಗಿ ಟಿಪ್ ಬೇಡ ಎನ್ನುವ ಗಿರಾಕಿಗೂ ಟಿಪ್ ಇರಲಿ ಎನ್ನುವ ಸರ್ವರ್‌ಗೂ ಹೊಂದಿಕೆ ಆಗುವುದಿಲ್ಲ.

ಕೊನೆಯ ಪ್ರಶ್ನೆ

ಕಾರ್ಡಾ, ಕ್ಯಾಶಾ? ಚೀಟಿ ತುಂಬುವ ಕ್ರಮವೇನು?

ಉತ್ತರ: ಸರ್ವರ್ ಆಗಿ ಕೆಲಸ ಮಾಡುವ ಸದಸ್ಯೆ

ಎರಡೂ ಸರಿ. ಕ್ಯಾಶ್ ಆದರೆ ಅವತ್ತೇ ಕೈಗೆ ಸಿಗುತ್ತೆ. ಕಾರ್ಡಿನದಾದರೆ ಕಾರ್ಡ್ ಕಂಪನಿಯ ಶುಲ್ಕವನ್ನ ಕೆಲವು ರಾಜ್ಯಗಳಲ್ಲಿ ಟಿಪ್ಪಿನಿಂದ ಕಳೀಬಹುದು, ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಮಾಡೋ ಹಾಗಿಲ್ಲ. ಚೀಟಿಯಲ್ಲಿ ಟಿಪ್ ಸಾಲು, ಟೋಟಲ್ ಸಾಲು ಎರಡನ್ನೂ ತುಂಬಿ, ಕೂಡಿದ್ದು ಸರಿ ಇದೆಯಾ ನೋಡಿ. ಕ್ಯಾಶ್ ಕೊಡುವುದಾದರೆ ಟಿಪ್ ಸಾಲಿನ ಮೇಲೆ ಗೆರೆ ಎಳೆದು ಟೋಟಲ್‌ನಲ್ಲಿ ಬಿಲ್ಲಿನ ಮೊತ್ತವನ್ನೇ ಬರೆಯಿರಿ. ಖಾಲಿ ಬಿಟ್ಟ ಸಾಲಿನಲ್ಲಿ ಆಮೇಲೆ ಯಾರು ಏನು ಬರೆದರೂ ನಿಮಗೆ ತಿಳಿಯೋದಿಲ್ಲ. ಕಾರ್ಡ್ ಉಜ್ಜಿದಾಗ ಮೊದಲು ಟಿಪ್ ಇಲ್ಲದ ಮೊತ್ತ ಮಾತ್ರ ಕಾಣಿಸುತ್ತೆ, ಟಿಪ್ ಸೇರಿದ ಮೊತ್ತ ಎರಡು ಮೂರು ದಿನದಲ್ಲಿ ಬರುತ್ತೆ. ಅಲ್ಲಿಯ ತನಕ ನಿಮ್ಮ ಪ್ರತಿಯನ್ನ ಇಟ್ಟುಕೊಳ್ಳಿ. ತಾಳೆಯಾಗದಿದ್ದರೆ ಮೊದಲು ರೆಸ್ಟೋರೆಂಟಿಗೆ ಫೋನ್ ಮಾಡಿ, ಅವರ ಹತ್ತಿರ ನಿಮ್ಮ ಸಹಿ ಇರುವ ಚೀಟಿ ಇರುತ್ತೆ. ಅಲ್ಲಿ ಸರಿಹೋಗದಿದ್ದರೆ ಬ್ಯಾಂಕಿಗೆ ಹೇಳಿ.