ಭತ್ತದ ಗದ್ದೆಯಲ್ಲಿ ರೇಪ್‌ಸೀಡ್ ಬೆಳೆದು ಟಿಲ್ಲರ್ ಓಡಿಸಬಹುದೇ?

ಪ್ರಶ್ನೆ: ಕುಶಾಲನಗರದ ಗದ್ದೆಯವ
ಮಾನ್ಯರೇ, ನಮ್ಮ ಎರಡು ಎಕರೆ ಗದ್ದೆಯು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ದನ ಮೇಯುವುದಕ್ಕಷ್ಟೇ ಉಳಿಯುತ್ತದೆ. ಜರ್ಮನಿಯಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಂಬ ಎಣ್ಣೆಬೀಜದ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸುತ್ತಾರೆಂದು ಓದಿದ್ದೇನೆ. ಅಲ್ಲಿನ ಬೀಜ ತರಿಸಿ ಬಿತ್ತಿದರೆ ಪವರ್ ಟಿಲ್ಲರಿಗೆ ಬೇಕಾದಷ್ಟು ಇಂಧನವನ್ನಾದರೂ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ 1: ಬೀಜದ ಅಂಗಡಿಯವ
ಯುರೋಪಿನ ಬೀಜದ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಅಲ್ಲಿ ಹೆಚ್ಚಾಗಿ ಬೆಳೆಯುವ ತಳಿಯನ್ನು ಆಗಸ್ಟ್ ಕೊನೆಯ ಹೊತ್ತಿಗೆ ಬಿತ್ತಿ, ಮುಂದಿನ ಜುಲೈನಲ್ಲಿ ಕೊಯ್ಯುತ್ತಾರೆ. ನಡುವೆ ಹಲವು ವಾರ ಕೊರೆಯುವ ಚಳಿ ಸಿಗದಿದ್ದರೆ ಆ ಗಿಡ ಹೂವನ್ನೇ ಬಿಡುವುದಿಲ್ಲ. ನಮ್ಮ ಚಳಿ ಅದಕ್ಕೆ ಚಳಿಯೇ ಅಲ್ಲ. ಅದರ ಹತ್ತಿರದ ಬಂಧುಗಳಾದ ಸಾಸಿವೆ ಮತ್ತು ತೋರಿಯಾ ನಮ್ಮ ದೇಶದ ಬೆಳೆಗಳೇ ಆಗಿದ್ದು, ತೋರಿಯಾ ಸುಮಾರು 90 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ನಿಮಗೆ ಅದೇ ಹೊಂದಬಹುದು.

ಉತ್ತರ 2: ಸೋಮವಾರಪೇಟೆಯ ಜೇನುಗಾರ
ನಾನು ಒಮ್ಮೆ ಗದ್ದೆಯ ಮೂಲೆಯಲ್ಲಿ ಸಾಸಿವೆ ಹಾಕಿದ್ದೆ. ಭತ್ತದ ಕೊಯ್ಲು ತಡವಾಗಿ ಬಿತ್ತನೆ ಡಿಸೆಂಬರ್ ಕೊನೆಗೆ ಹೋಯಿತು. ಹಳದಿ ಹೂ ನೋಡಿ ಹಿಗ್ಗಿದ ವಾರದಲ್ಲೇ ತೆನೆಯ ತುದಿಗೆ ಬೂದು ಬಣ್ಣದ ಸಸ್ಯಹೇನು ಎಷ್ಟು ದಟ್ಟವಾಗಿ ಮುತ್ತಿಕೊಂಡಿತೆಂದರೆ, ಬೆರಳಿನಲ್ಲಿ ಸವರಿದರೆ ಅಂಟು ಹತ್ತುತ್ತಿತ್ತು. ಉಳಿದ ಕಾಯಿಗಳು ಒಣಗಿ ನಿಂತಿದ್ದಾಗ ಕಾಫಿ ಹೂವಿಗೆಂದು ಎಲ್ಲರೂ ಕಾಯುತ್ತಿದ್ದ ಮಳೆ ಬಂದು, ಅರ್ಧ ಬೀಜ ನೆಲಕ್ಕುದುರಿತು. ಆದರೆ ಕಾಫಿ ಹೂ ಬಿಡುವ ಮೊದಲು ನನ್ನ ತುಡುವೆ ಜೇನಿನ ಪೆಟ್ಟಿಗೆಗಳಿಗೆ ಪರಾಗ ಸಿಕ್ಕಿದ್ದು ಲಾಭವೇ. ನೀವು ಬಿತ್ತುವುದಾದರೆ ಆ ತುಂಡಿಗೆ ಅಲ್ಪಾವಧಿಯ ಭತ್ತ ಹಾಕಿ, ಅದನ್ನು ಕೊಯ್ದು ನವೆಂಬರ್ ಆರಂಭದೊಳಗೆ ಸಾಸಿವೆಯ ಬಿತ್ತನೆ ಮುಗಿಸಿ. ಗದ್ದೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹುಳಿ ಮಣ್ಣಾದರೆ ಮೊದಲೇ ಸುಣ್ಣ ಕೊಡಿ.

ಉತ್ತರ 3: ಗೋಣಿಕೊಪ್ಪಲಿನ ಯಂತ್ರ ರಿಪೇರಿಯವ
ಈಗ ಇಂಧನದ ಲೆಕ್ಕಕ್ಕೆ ಬರೋಣ. ಎಕರೆಗೆ 3 ಕ್ವಿಂಟಾಲ್ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಗಾಣದಲ್ಲಿ ಮೂರನೆಯ ಒಂದು ಪಾಲು ಎಣ್ಣೆ ಬಂದರೆ 100 ಕಿಲೋ, ಅಂದರೆ ಸುಮಾರು 110 ಲೀಟರ್. 2025–26ರ ಮಾರಾಟ ಹಂಗಾಮಿಗೆ ಸಾಸಿವೆಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 5,950 ರೂಪಾಯಿ ಇದ್ದುದರಿಂದ, ಲೀಟರ್ ಎಣ್ಣೆಗೆ ಬೀಜದ ಬೆಲೆಯೇ 160 ರೂಪಾಯಿ ದಾಟುತ್ತದೆ. ಹಿಂಡಿ ಮಾರಿದ ಹಣ ಕಳೆದರೂ ಡೀಸೆಲ್ ಅಗ್ಗ. ಮೇಲಾಗಿ ಹಸಿ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟು ಮಂದ. ಅದನ್ನೇ ಸುರಿದರೆ ಎಂಜಿನ್ನಿಗೆ ಇಂಧನ ಚಿಮ್ಮಿಸುವ ನಾಜಲ್ ತುದಿಗೆ ಮಸಿ ಕಟ್ಟಿ ಟಿಲ್ಲರ್ ನನ್ನಂಥವರ ಬಳಿಗೆ ಬರುತ್ತದೆ. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದರಷ್ಟೇ ಅದು ಬಯೋಡೀಸೆಲ್. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವಂಥದ್ದು, ಅಡುಗೆಮನೆಯ ಕೆಲಸವಲ್ಲ. ಇಂಧನವೇ ಬೇಕಿದ್ದರೆ ತಿನ್ನಲು ಬಾರದ ಎಣ್ಣೆ ಕೊಡುವ ಹೊಂಗೆಯನ್ನು ಬೇಲಿಗೆ ನೆಡಿ, ಗದ್ದೆಯ ಎಣ್ಣೆಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ವಂದನೆಗಳು. ಟಿಲ್ಲರಿನ ಆಸೆ ಬಿಟ್ಟೆ. ಈ ಸಲ ಅರ್ಧ ಎಕರೆಗೆ ಮಾತ್ರ ತೋರಿಯಾ ಹಾಕುತ್ತೇನೆ. ಒಂದು ಕಿಲೋ ಬೀಜ ಸಾಕೇ?

ಉತ್ತರ: ಬೀಜದ ಅಂಗಡಿಯವ
ಧಾರಾಳವಾಗಿ ಸಾಕು. ಬೀಜ ಬಹಳ ಸಣ್ಣದಾದ್ದರಿಂದ ಒಣ ಮರಳು ಬೆರೆಸಿ ಬಿತ್ತಿ. ಒಂದು ಇಂಚಿಗಿಂತ ಆಳಕ್ಕೆ ಹೋಗದಿರಲಿ.